ಗುಂಡು ಹಾಕುವ ಹುಡುಗ

"ಗುಂಡು ಹಾಕ್ತೀಯೋ ಇಲ್ವೋ? ಸುತ್ತಿ ಬಳಸಿ ಮಾತಾಡ್ಬೇಡ, ಅಷ್ಟು ಹೇಳು ಸಾಕು!"

ದೊಡ್ಡಬೈರಪ್ಪನ ಗಂಟಲಿಗೆ ಗವಿಪುರಂನ ಅರ್ಧ ಬೀದಿಯೇ ಕಿವಿಯಾಯಿತು. ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅನಿಲ್ ಕುಮಾರ್ ಕನ್ನಡಕ ಸರಿಮಾಡಿಕೊಂಡ.

"ಹಾಕ್ತೀನಿ ಸಾರ್."

ಹುಡುಗ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ದೊಡ್ಡಬೈರಪ್ಪ ಎಣಿಸಿರಲಿಲ್ಲ. ಬರುವ ಭಾನುವಾರ ಮಗಳು ಬಿಂದುವಿನೊಂದಿಗೆ ಇವನ ನಿಶ್ಚಿತಾರ್ಥ. ಅಡುಗೆಯವರಿಗೆ ಹೇಳಿಯಾಗಿತ್ತು, ನೆಂಟರನ್ನು ಕರೆದಾಗಿತ್ತು.

"ದಿನಾನಾ?"

"ಹೆಚ್ಚುಕಮ್ಮಿ. ಹಗಲು ಆಗಲ್ಲ, ಜನ ಇರ್ತಾರೆ. ರಾತ್ರಿಯಾದ್ರೆ ಯಾರ ಕಾಟಾನೂ ಇರಲ್ಲ."

"ಒಬ್ಬನೇ ಕೂತ್ಕೊಂಡಾ?"

"ನಮ್ಮ ಪ್ರೊಫೆಸರ್ರೂ ಇರ್ತಾರೆ. ನಂಗೆ ಕಲಿಸಿದ್ದೇ ಅವರು."

"ಥೂ! ಮೇಷ್ಟ್ರಂತೆ ಮೇಷ್ಟ್ರು! ಯಾತರ ಜೊತೆ? ನೀರಾ, ಸೋಡಾನಾ?"

"ನೀರೇ ಸಾರ್," ಎಂದು ಅನಿಲ್ ಒಂದು ಗಳಿಗೆ ಯೋಚಿಸಿದ. "ಒಂದೊಂದ್ಸಲ ಬರೀ ಆಲ್ಕೋಹಾಲು."

ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಕಲ್ಯಾಣಮ್ಮನ ಕೈಯಿಂದ ಸೌಟು ಬಿತ್ತು.

ದೊಡ್ಡಬೈರಪ್ಪನ ಅಣ್ಣ ಕುಡಿದು ಕುಡಿದೇ ಸತ್ತವನು. ಅಂದಿನಿಂದ ಈ ಮನೆಗೆ ಒಂದೇ ಕಾನೂನು. ಲೆಕ್ಕದಲ್ಲಿ ಎಂ.ಎಸ್ಸಿ. ಮುಗಿಸಿದ ಬಿಂದು, ಮದ್ರಾಸಿನಲ್ಲಿ ಮುಂದೆ ಓದೋಕೆ ಸೀಟು ಸಿಕ್ಕಿದೆ, ಮದುವೆ ಈಗಲೇ ಬೇಡ ಎಂದು ಗೋಗರೆದಾಗಲೂ ಅವನು ಆ ಕಾನೂನನ್ನೇ ಓದಿದ್ದ. "ಹುಡುಗ ಕುಡೀತಾನಾ? ಇಲ್ಲ ತಾನೆ? ಮತ್ತೆ ಬೇಡ ಅನ್ನೋಕೆ ಬೇರೆ ಏನಿದೆ? ಓದೋದನ್ನ ಗಂಡನ್ನ ಕೇಳ್ಕೋ."

ಆಮೇಲೆ ಅವಳು ಗೋಗರೆಯಲಿಲ್ಲ. ಹುಡುಗನ ಜೊತೆ ಗಾಂಧಿಬಜಾರಿನಲ್ಲಿ ಕಾಫಿ ಕುಡಿದು ಬಂದು, ತಲೆ ತಗ್ಗಿಸಿ ನಿಂತು, ಒಂದೇ ಮಾತು ಹೇಳಿದ್ದಳು. "ಅಪ್ಪಾ, ಅವರು ರಾತ್ರಿ ಹೊತ್ತು ಗುಂಡು ಹಾಕ್ತಾರಂತೆ. ಅವರ ಬಾಯಿಂದಲೇ ಕೇಳಿದೆ."

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಚಿಕ್ಕಂದಿನಿಂದಲೂ ಇಲ್ಲ.

"ಏಳಯ್ಯಾ ಮೇಲೆ! ನನ್ನ ಮಗಳನ್ನ ಕುಡುಕನಿಗೆ ಕೊಡೋಕೆ ನಾನೇನು ಕಣ್ಣು ಕಳ್ಕೊಂಡಿಲ್ಲ. ಎಷ್ಟು ಹಾಕ್ತೀಯ ಒಂದು ರಾತ್ರಿಗೆ?"

"ಮೊದಲು ಎರಡೇ ಹಾಕ್ತಿದ್ದೆ. ಈಗ ನೂರು."

"ನೂರಾ?" ದೊಡ್ಡಬೈರಪ್ಪನ ಸಿಟ್ಟು ಅರ್ಧಕ್ಕೇ ನಿಂತಿತು. ಅವನ ಅಣ್ಣನೂ ಅಷ್ಟು ದೂರ ಹೋಗಿರಲಿಲ್ಲ.

"ಪುಟಾಣಿ ಗುಂಡು ಸಾರ್. ಸಾಸಿವೆಗಿಂತ ಸಣ್ಣವು."

"ಯಾವ ಗುಂಡಯ್ಯಾ ಅದು?"

"ಗುಂಡು ಅಂದ್ರೆ... ಗುಂಡು. ದುಂಡಗಿರುತ್ತಲ್ಲ. ಕಂಪ್ಯೂಟರ್‌ ಒಳಗೆ, ಬರೀ ಲೆಕ್ಕದ ದ್ರವದಲ್ಲಿ ಹಾಕ್ತೀವಿ." ಅನಿಲ್‌ನ ಮುಖ ನಿಧಾನವಾಗಿ ಕೆಂಪಾಯಿತು. "ಅಯ್ಯೋ, ನೀವು ಏನಂದ್ಕೊಂಡ್ರಿ?"

ಆಗ ಬಿಂದು ಒಳಗಿನಿಂದ ಬಂದಳು. ಹೆಗಲಿಗೆ ಬ್ಯಾಗಿತ್ತು. ಅನಿಲ್ ಕಡೆ ಒಂದು ಸಲ, ಅಪ್ಪನ ಕಡೆ ಒಂದು ಸಲ ನೋಡಿದಳು.

"ಊಟಕ್ಕೆ ಮೊಸರು ತರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಅನಿಲ್ ಕಲ್ಯಾಣಮ್ಮನಿಂದ ಒಂದು ಬೋಗುಣಿ ಹರಳೆಣ್ಣೆ, ಎರಡು ನಿಂಬೆಹಣ್ಣು ಇಸಿದುಕೊಂಡ. ಹಣ್ಣುಗಳನ್ನು ಎಣ್ಣೆಯಲ್ಲಿ ಮುಳುಗಿಸಿದ.

"ಒಂದನ್ನ ಇನ್ನೊಂದರ ಕಡೆ ತಳ್ಳಿ ಸಾರ್. ಜೋರಾಗಿ."

ದೊಡ್ಡಬೈರಪ್ಪ ತಳ್ಳಿದ. ಹಣ್ಣು ಸರಸರನೆ ಹೋಗಿ, ಇನ್ನೇನು ತಾಗಬೇಕು ಅನ್ನುವಾಗ ತಡೆದು ನಿಂತಿತು. ಇನ್ನೂ ಒತ್ತಿದ. ಇನ್ನೂ ತಡೆಯಿತು.

"ಮಧ್ಯೆ ತೆಳ್ಳಗೆ ಎಣ್ಣೆ ಉಳ್ಕೊಂಡಿದೆ. ನೀವು ಎಷ್ಟು ಅವಸರ ಮಾಡ್ತೀರೋ ಅಷ್ಟು ಎದುರು ತಳ್ಳುತ್ತೆ. ಬಣ್ಣದ ಡಬ್ಬದಲ್ಲಿ ಪುಡಿ ಹೇಗೆ ಓಡಾಡುತ್ತೆ ಅಂತ ಲೆಕ್ಕ ಹಾಕೋದು ನಮ್ಮ ಕೆಲಸ. ಆದ್ರೆ ಕಂಪ್ಯೂಟರು ದ್ರವಾನ ಜರಡಿ ಥರ ಚೌಕ ಚೌಕ ಮಾಡಿ ನೋಡುತ್ತೆ, ಆ ಜರಡಿ ಕಣ್ಣು ದೊಡ್ಡದು. ಇಷ್ಟು ತೆಳು ಪದರ ಅದಕ್ಕೆ ಕಾಣಲ್ಲ. ಮಧ್ಯೆ ಏನೂ ಇಲ್ಲ ಅಂತ ಎಲ್ಲ ಗುಂಡೂ ಸೇರಿಸಿ ಮುದ್ದೆ ಮಾಡ್ಬಿಡುತ್ತೆ. ಆ ತಡೆಯೋ ಬಲಾನ ನಾವೇ ಸೂತ್ರ ಬರೆದು ಸೇರಿಸ್ಬೇಕು."

"ಅಲ್ಲಯ್ಯಾ, ಒತ್ತುತ್ತಲೇ ಇದ್ರೆ ಆ ಎಣ್ಣೆ ಎಲ್ಲಿಗೆ ಹೋಗುತ್ತೆ?"

"ಪಕ್ಕಕ್ಕೆ ಸಾರ್. ಸದ್ದಿಲ್ದಂಗೆ ಜಾರ್ಕೊಂಡು ಹೋಗುತ್ತೆ."

ದೊಡ್ಡಬೈರಪ್ಪ ಎಣ್ಣೆಗೈಯಲ್ಲೇ ಹಣೆ ಚಚ್ಚಿಕೊಂಡ. ಆಮೇಲೆ ನಗು ಬಂತು. ಕುರ್ಚಿ ಕಿರುಗುಟ್ಟುವಷ್ಟು ನಕ್ಕ. ಜನ್ಮದಲ್ಲಿ ಯಾರ ಕ್ಷಮೆಯನ್ನೂ ಕೇಳದವನು, "ತಪ್ಪಾಯ್ತು ಕಣಪ್ಪಾ" ಎಂದು ಹುಡುಗನ ಭುಜ ಹಿಡಿದ. ಅಂಗಿಗೆಲ್ಲ ಹರಳೆಣ್ಣೆಯಾಯಿತು.

"ಭಾನುವಾರದ್ದು ಭಾನುವಾರವೇ! ಬೇಕಾದಷ್ಟು ಗುಂಡು ಹಾಕೋ, ಸಾವಿರ ಹಾಕು! ಲೇ, ಎಲೆ ಹಾಕೇ!"

ಎಲೆ ಹಾಕಿದ್ದಾಯಿತು. ಪಲ್ಯ ಬಂತು, ಅನ್ನ ಬಂತು, ಅನ್ನ ಆರಿತು. ಬಿಂದು ಬರಲಿಲ್ಲ.

"ಎಲ್ಲಿಗೆ ಹೋದ್ಲೇ ಇವಳು, ಮೊಸರು ತರೋಕೆ?"

ಕಲ್ಯಾಣಮ್ಮ ಮೊಸರಿನ ಗಡಿಗೆ ಎತ್ತಿಕೊಂಡೇ ಬಾಗಿಲಿಗೆ ಬಂದಳು. "ಮೊಸರಾ? ಬೆಳಿಗ್ಗೆ ಅವಳೇ ನೋಡಿದ್ಲಲ್ಲ. ತುಂಬ ಇದೆ."

ದೊಡ್ಡಬೈರಪ್ಪ ಗೇಟಿನ ತನಕ ಹೋಗಿ ಬೀದಿಯ ಎರಡೂ ತುದಿ ನೋಡಿದ. ವಾಪಸ್ಸು ಬಂದು, ಭಾವಿ ಅಳಿಯನ ಮುಂದೆ ಮುಜುಗರ ಮುಚ್ಚಲು ನಕ್ಕ.

"ನಾಚಿಕೆ ಆಗಿರ್ಬೇಕು ಕಣಪ್ಪಾ. ಪಾಪ, ಈ ಗುಂಡು, ಎಣ್ಣೆ, ಸೂತ್ರ ಎಲ್ಲ ಹೆಣ್ಣುಹುಡುಗೀಗೆ ಹೇಗೆ ತಿಳೀಬೇಕು? ನೀನು ಹೇಳಿದ್ದನ್ನ ತಪ್ಪಾಗಿ ಕೇಳಿಸ್ಕೊಂಡಿದ್ದಾಳೆ."

"ತಪ್ಪಾಗಾ?" ಅನಿಲ್ ಅನ್ನ ಕಲೆಸುವುದನ್ನು ನಿಲ್ಲಿಸಿದ. "ನಾನು ವರ್ಷದಿಂದ ಒದ್ದಾಡ್ತಿದ್ದ ಆ ಸೂತ್ರಾನ ಅವತ್ತು ಕಾಫಿ ಆರೋದ್ರೊಳಗೆ ಸರಿಮಾಡಿ ಕೊಟ್ಟಿದ್ದೇ ಬಿಂದು ಅಲ್ವಾ ಸಾರ್?"