ಮೈಕಿನ ಮುಂದೆ ತಮ್ಮ

“ಕ... ಕ... ಕ...” ಎನ್ನುತ್ತ ತಮ್ಮ ಮೈಕಿನ ಮುಂದೆ ನಿಂತುಬಿಟ್ಟ. ಹಿಂದೂ ಯುವ ಸೇವಾ ಶಿಬಿರದ ಕೊನೆಯ ಸಭೆ. ವೃದ್ಧಾಶ್ರಮದಲ್ಲಿ ಸೇವೆ ಮಾಡಿ ಏನು ಕಲಿತಿರಿ ಎಂದು ಗುರುಗಳು ಕೇಳಿದಾಗ, ನಾನು ಹೇಳ್ತೀನಿ ಎಂದು ಕೈ ಎತ್ತಿದವನೂ ಅವನೇ. ಮುಂದಿನ ಸಾಲಿನಲ್ಲಿದ್ದ ಅಕ್ಕನಿಗೆ ಜೀವ ಬಾಯಿಗೆ ಬಂತು.

ಅವನು ತೊದಲಿದಾಗಲೆಲ್ಲ ಪದ ಪೂರ್ತಿ ಮಾಡಿಕೊಡುವುದು ಚಿಕ್ಕಂದಿನಿಂದ ಅವಳ ಕೆಲಸ. ಅಂಗಡಿಯಲ್ಲಿ, ಶಾಲೆಯಲ್ಲಿ, ಫೋನಿನಲ್ಲಿ ಕೂಡ. ಈಗಲೂ ‘ಕರುಣೆ’ ಎಂಬ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕೂತಲ್ಲಿ ಕೂರಲಾಗದೆ ಅವಳು ಅರ್ಧ ಎದ್ದಳು. ತಮ್ಮ ಅವಳನ್ನೇ ನೋಡಿ, ಬೇಡ ಎಂಬಂತೆ ಅಂಗೈ ತೋರಿಸಿದ. ಅವಳು ಕುಳಿತು ಕೆಳತುಟಿ ಕಚ್ಚಿ ಹಿಡಿದಳು.

“ಕ... ಕಾಯೋದು,” ಎಂದ ತಮ್ಮ, ನಿಧಾನವಾಗಿ. “ಕಾಯೋದನ್ನ ಕಲಿತೆ. ಅಲ್ಲೊಬ್ರು ತಾತ ಇದ್ದಾರೆ. ಲಕ್ವ ಹೊಡೆದು ಮಾತು ಸರಿಯಾಗಿ ಬರಲ್ಲ. ನೀರು ಅನ್ನೋಕೇ ತುಂಬಾ ಹೊತ್ತು ಬೇಕು. ಏನು ಕೇಳ್ತಾರೆ ಅಂತ ನಂಗೆ ಮೊದ್ಲೇ ಗೊತ್ತಾಗುತ್ತೆ. ಆದ್ರೂ ಮಧ್ಯ ಬಾಯಿ ಹಾಕಲ್ಲ. ಪೂರ್ತಿ ಹೇಳಿದ್ಮೇಲೆ ಅವ್ರ ಮುಖ ನೋ... ನೋ...”

ಮತ್ತೆ ಮಾತು ಸಿಕ್ಕಿಹಾಕಿಕೊಂಡಿತು. ಅವನ ಕತ್ತಿನ ನರ ಉಬ್ಬಿತು. ಅವನ ಪಾಡು ನೋಡಲಾಗದೆ ಗುರುಗಳು ಮೈಕಿನತ್ತ ಬಾಗಿ, “ನೋಡ್ಬೇಕು...” ಎಂದು ಶುರುಮಾಡಿದರು.

“ಸ್ವಲ್ಪ ತಡೀರಿ ಗುರುಗಳೇ,” ಎಂದಳು ಅಕ್ಕ. “ಅವ್ನೇ ಹೇಳ್ತಾನೆ.”