ಮೇಷ್ಟ್ರು ಫೇಲು ಮಾಡಿದವನು

ಮೇಷ್ಟ್ರು ಎಡಗಡೆಯ ಎಂಜಿನ್‌ಗೆ ಬೆಂಕಿ ಹಚ್ಚಿದರು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಮುಂದಿನ ಸೀಟಿನಲ್ಲಿದ್ದ ಹುಡುಗನ ಎದುರು ಕೆಂಪು ದೀಪ ಹೊತ್ತಿಕೊಂಡಿತು, ಗಂಟೆ ಬಡಿದುಕೊಳ್ಳತೊಡಗಿತು. ಹುಡುಗ ಬೆಚ್ಚಲಿಲ್ಲ. ಗಂಟೆ ನಿಲ್ಲಿಸಿದ, ಎಂಜಿನ್ ಆರಿಸಿದ, ಪಕ್ಕದಲ್ಲಿದ್ದ ಸಹಪೈಲಟ್‌ಗೆ ಮುಂದಿನ ಕೆಲಸ ಹೇಳಿದ. ನೀರು ಕುಡಿದಷ್ಟು ಸಲೀಸು.

ಇದು ಹಾರದ ವಿಮಾನ. ಕಂಪನಿಯ ಶೆಡ್ಡಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತು ಅಲುಗಾಡುವ ಒಂದು ಡಬ್ಬ. ಕಿಟಕಿಗಳಿರಬೇಕಾದ ಕಡೆ ಪರದೆ. ಉಳಿದದ್ದೆಲ್ಲ ಅಸಲಿನ ಹಾಗೇ. ಪೈಲಟ್‌ಗಳಿಗೆ ಕ್ಯಾಪ್ಟನ್ ಪಟ್ಟ ಸಿಗುವುದೂ ತಪ್ಪುವುದೂ ಇಲ್ಲೇ. ಹಿಂದಿನ ಕುರ್ಚಿಯಲ್ಲಿ ಕೂತು ಬೆಂಕಿ, ಮಂಜು, ಗಾಳಿಗಳನ್ನು ಹಂಚುವ ಕೆಲಸ ಮೇಷ್ಟ್ರದು.

ಅವರು ಹೊರದೇಶದವರು. ವಿಮಾನಗಳಿದ್ದೂ ಪೈಲಟ್‌ಗಳಿಲ್ಲದ ಕಾಲದಲ್ಲಿ ಕಂಪನಿಯವರು ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು. ಈಗ ಇಲ್ಲಿನ ಮಕ್ಕಳೇ ಕಲಿತು ಸಾಲುಗಟ್ಟಿದ್ದಾರೆ. ಇಲ್ಲಿಯವನೊಬ್ಬ ಕ್ಯಾಪ್ಟನ್ ಆದರೆ ಹೊರಗಿನವನೊಬ್ಬ ಗಂಟುಮೂಟೆ ಕಟ್ಟಬೇಕು. ಆ ಮಕ್ಕಳಿಗೆ ಕಲಿಸಿದವರು, ಪಾಸು ಮಾಡಿದವರು, ಎಲ್ಲ ಇದೇ ಮೇಷ್ಟ್ರು. ಮೇಷ್ಟ್ರು ಎಂಬ ಹೆಸರೂ ಆ ಮಕ್ಕಳೇ ಇಟ್ಟದ್ದು. ಜೊತೆಗೆ ಬಂದ ಗೆಳೆಯರನ್ನು ಒಬ್ಬೊಬ್ಬರಾಗಿ ಹೀಗೆ ಕೈಯಾರೆ ಊರಿಗೆ ಸಾಗಹಾಕಿದ್ದರು. ಕೊನೆಗೆ ಹೋದ ಗೆಳೆಯನಂತೂ ಮುಖ ಕೊಟ್ಟು ಮಾತಾಡಿರಲಿಲ್ಲ. ಆದರೂ ಯಾವ ಹುಡುಗನಿಗೂ ಮೇಷ್ಟ್ರು ಮೋಸ ಮಾಡಿರಲಿಲ್ಲ. ಒಂದು ತೊಂದರೆ ಕೊಡಬೇಕು, ಅದನ್ನು ಸಂಭಾಳಿಸಿದ ಮೇಲಷ್ಟೇ ಇನ್ನೊಂದು. ಪರೀಕ್ಷಕರ ನಿಯಮ ಅದು. ಅದನ್ನು ಅವರು ಎಂದೂ ಮೀರಿದವರಲ್ಲ.

ಈ ಹುಡುಗ ಪಾಸಾದರೆ ಹೊರಡುವ ಸರದಿ ಅವರದೇ.

ಹೋಗುವುದಾದರೂ ಎಲ್ಲಿಗೆ? ಅವರ ದೇಶದ ವಿಮಾನ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಈ ವಯಸ್ಸಿನವರನ್ನು ಬೇರೆ ಯಾರೂ ಮೂಸಿಯೂ ನೋಡುವುದಿಲ್ಲ. ಹೆಂಡತಿ ಆಗಲೇ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಮಂಚದ ಕೆಳಗೆ ತಳ್ಳಿದ್ದಳು, ಗಂಡನಿಗೆ ಕಾಣದಿರಲಿ ಎಂದು. ಮಗಳು ಹುಟ್ಟಿದ್ದು ಇಲ್ಲೇ. ನಿದ್ದೆಯಲ್ಲಿ ಕನವರಿಸುವುದೂ ಇಲ್ಲಿನ ಮಾತಿನಲ್ಲೇ. ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ, "ಅಪ್ಪಾ, ಅಲ್ಲಿಗೆ ಹೋದ್ರೆ ನಾನು ಹೊರಗಿನವಳಾಗ್ತೀನಾ?" ಎಂದು ಕೇಳಿದ್ದಳು. ಮೇಷ್ಟ್ರು ಬಗ್ಗಿ ಅವಳ ಇನ್ನೊಂದು ಬೂಟಿನ ಲೇಸು ಕಟ್ಟಿದ್ದರು. ಶೆಡ್ಡಿನ ಮೆಟ್ಟಿಲು ಹತ್ತುವಾಗಲೇ ಅವರು ತೀರ್ಮಾನಿಸಿಬಿಟ್ಟರು: ಇವತ್ತು ಇವನನ್ನು ಬಿಡಬಾರದು.

ಹುಡುಗ ದೂರದ ಊರಿನ ಯಾವುದೋ ಸಣ್ಣ ಕಂಪನಿಯಿಂದ ಹೊಸದಾಗಿ ಸೇರಿದವನಂತೆ. ಕ್ಯಾಪ್ಟನ್ ಸೀಟಿನಲ್ಲಿ ಕೂರುವುದು ಇದೇ ಮೊದಲಂತೆ. ಕೂತವನು ಕೆಳಗೆ ನೋಡದೆಯೇ ಸೀಟು ಸರಿಪಡಿಸಿಕೊಂಡ. ಅವನ ಹೆಡ್‌ಫೋನಿನ ಚರ್ಮ ಸವೆದು ಬಿರುಕು ಬಿಟ್ಟಿತ್ತು. ಇಂಥವನು ಇಷ್ಟು ದಿನ ಎಲ್ಲಿ ಅಡಗಿದ್ದ ಎಂದು ಮೇಷ್ಟ್ರಿಗೆ ಸಿಟ್ಟೇ ಬಂತು.

ಎಂಜಿನ್ನಿನ ಬೆಂಕಿ ಪೂರ್ತಿ ಆರುವ ಮುಂಚೆಯೇ ಅವರು ಚಕ್ರ ಇಳಿಯದಂತೆ ಮಾಡಿದರು. ಸಹಪೈಲಟ್ ತಟ್ಟನೆ ಹಿಂದೆ ತಿರುಗಿ ನೋಡಿದಳು. ಹುಡುಗ ನೋಡಲಿಲ್ಲ.

"ಎರಡೂ ಒಟ್ಟಿಗಾ, ಸರ್?" ಎಂದಷ್ಟೇ ಕೇಳಿದ.

"ಆಕಾಶದಲ್ಲಿ ಯಾರೂ ನಿನ್ನನ್ನ ಕೇಳಿ ಕಷ್ಟ ಕೊಡಲ್ಲ," ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

ಹುಡುಗ ಕೈಯಿಂದ ಹಿಡಿಕೆ ತಿರುಗಿಸಿ ಚಕ್ರ ಇಳಿಸಿಕೊಂಡ. ಮೇಷ್ಟ್ರು ಮಂಜು ಸುರಿದರು. ಅವನು ಮಂಜನ್ನೂ ಸೀಳಿಕೊಂಡು ರನ್‌ವೇಯ ನಡುಗೆರೆಗೆ ನೇರವಾಗಿ ಬಂದ. ಇನ್ನೇನು ನೆಲ ಮುಟ್ಟಬೇಕು. ಮೇಷ್ಟ್ರ ಬೆರಳು ಗಾಳಿಯ ಗುಂಡಿಯ ಮೇಲೆ ಒಂದು ಗಳಿಗೆ ತಡವರಿಸಿತು. ಮಂಚದ ಕೆಳಗಿನ ಪೆಟ್ಟಿಗೆಗಳು ಕಣ್ಣ ಮುಂದೆ ಬಂದವು. ಒತ್ತಿದರು. ಅದು ಯಾವ ಪೈಲಟ್‌ನ ಕೈಗೂ ನಿಲ್ಲದ ಅಡ್ಡಗಾಳಿ. ವಿಮಾನ ರನ್‌ವೇ ದಾಟಿ ವಾಲಿತು, ಪರದೆ ಕೆಂಪಾಗಿ ನಿಂತುಹೋಯಿತು.

ಸಹಪೈಲಟ್ ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ಪಕ್ಕದ ಪುಟ್ಟ ಕೋಣೆಯಲ್ಲಿ ಮೇಜಿನ ಆಚೆ ಈಚೆ ಇಬ್ಬರೇ ಉಳಿದರು. ಹುಡುಗನೇ ಮೇಷ್ಟ್ರ ಮುಂದೆ ಕಾಗದದ ಲೋಟದಲ್ಲಿ ನೀರು ತಂದಿಟ್ಟ.

"ಆ ಗಾಳೀಲಿ ನೀವಾಗಿದ್ರೆ ಇಳಿಸ್ತಿದ್ರಾ, ಸರ್?"

"ಇಳಿಸ್ತಿದ್ದೆ," ಎಂದರು ಮೇಷ್ಟ್ರು, ಲೋಟ ನೋಡುತ್ತ.

ಹುಡುಗ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಸೋತವನ ಕಳೆ ಅವನ ಮುಖದಲ್ಲಿರಲಿಲ್ಲ, ಇದ್ದದ್ದು ಮರುಕ. ಯಾರ ಮೇಲಿನ ಮರುಕವೋ ಮೇಷ್ಟ್ರಿಗೆ ಅರ್ಥವಾಗಲಿಲ್ಲ.

"ಇನ್ನೊಂದು ಸಲ ಯೋಚನೆ ಮಾಡಿ ಹೇಳಿ, ಸರ್. ನನಗೇನೂ ಅವಸರ ಇಲ್ಲ."

ಒಂದು ಕ್ಷಣ ಮೇಷ್ಟ್ರ ಮನಸ್ಸು ಹೊಯ್ದಾಡಿತು. ತಪ್ಪು ತನ್ನದು ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಹಿಂದೆಯೇ ಮಗಳ ಬೂಟಿನ ಲೇಸು ನೆನಪಾಯಿತು.

"ಯೋಚಿಸೋಕೆ ಏನಿದೆ? ನೀನಿನ್ನೂ ತಯಾರಾಗಿಲ್ಲ. ಫೇಲು."

ಹೇಳಿ ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿದಂತಾಯಿತು. ನಾಚಿಕೆ ಹಾಗೇ ಇತ್ತು. ಇರಲಿ, ಅದನ್ನು ಹೊತ್ತುಕೊಂಡು ಇಲ್ಲೇ ಬದುಕಬಹುದು. ಪೆಟ್ಟಿಗೆಗಳನ್ನು ಅಂಗಡಿಗೆ ವಾಪಸು ಕೊಡು ಎಂದು ಇವತ್ತೇ ಹೆಂಡತಿಗೆ ಹೇಳಬೇಕು ಎಂದುಕೊಂಡರು.

ಹುಡುಗ ಎದ್ದು ಕೋಟು ಹಾಕಿಕೊಂಡ. ಒಳಜೇಬಿನಿಂದ ಒಂದು ಬಿಲ್ಲೆ ತೆಗೆದು ಎದೆಗೆ ಸಿಕ್ಕಿಸಿಕೊಂಡ. ಸರ್ಕಾರದ ವಿಮಾನಯಾನ ಇಲಾಖೆಯ ಬಿಲ್ಲೆ. ಬಾಗಿಲವರೆಗೆ ಹೋದವನು ತಿರುಗಿ ನಿಂತ. ದನಿ ತಗ್ಗಿತ್ತು.

"ಹೊರಗಿನವರಲ್ಲಿ ಒಬ್ಬರನ್ನ ಮಾತ್ರ ಕಲಿಸೋಕೆ ಅಂತ ಕಾಯಂ ಇಟ್ಕೊಳ್ಳೋದು ಅಂತ ಇಲಾಖೇಲಿ ತೀರ್ಮಾನ ಆಗಿದೆ, ನಿಮ್ಮ ಶಿಷ್ಯರೆಲ್ಲ ಒಂದೇ ಬಾಯಲ್ಲಿ ನಿಮ್ಮ ಹೆಸರು ಹೇಳಿದ್ರು ಮೇಷ್ಟ್ರೇ, ಅದಕ್ಕೇ ನಾನು ನಿಮ್ಮನ್ನ ಪರೀಕ್ಷೆ ಮಾಡೋಕೆ ಬಂದಿದ್ದೆ."