ಕಾರಿನ ಮೇಲಿನ ಪೆಟ್ಟಿಗೆ

"ಇದಕ್ಕಿಂತ ದೊಡ್ಡದಿಲ್ವಾ?" ಗಂಡ ಮತ್ತೆ ಕೇಳಿದ.

ಕಾರಿನ ಬಿಡಿಭಾಗ ಮಾರುವ ಅಂಗಡಿಯವನಿಗೆ ನಗು ಬಂತು. "ಕ್ಯಾಂಪಿಂಗ್‌ಗೆ ಅಂತೀರಿ ಸಾರ್. ಒಂದು ಟೆಂಟು, ಒಂದಷ್ಟು ಹೊದಿಕೆ. ಈ ರೂಫ್ ಬಾಕ್ಸ್ ಧಾರಾಳವಾಯ್ತು."

ಹೆಂಡತಿ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪೆಟ್ಟಿಗೆಯೊಳಗೆ ಬಗ್ಗಿ ಗೇಣು ಹಾಕಿ ಅಳೆಯುತ್ತಿದ್ದಳು. "ಕುಕ್ಕರ್ ಜೊತೆ ಮಿಕ್ಸಿನೂ ಹಿಡಿಸ್ಬೇಕು."

"ಕಾಡಲ್ಲಿ ಮಿಕ್ಸಿ ಯಾಕೆ ಮೇಡಂ?"

"ಮಳೆ ನೀರು ಒಳಗೆ ಇಳಿಯಲ್ಲ ತಾನೆ? ಇವಳ ಸ್ಕೂಲ್ ಪುಸ್ತಕ ಇರ್ತವೆ."

"ರಜಾದಲ್ಲೂ ಮಗೂನ ಓದಿಸ್ತೀರಾ!"

ಅವರಿಬ್ಬರೂ ನಗಲಿಲ್ಲ. ಗಂಡ ಅಂಗಡಿಯಲ್ಲಿದ್ದ ಅತಿ ದೊಡ್ಡ ಪೆಟ್ಟಿಗೆಯನ್ನು ತೋರಿಸಿ ಕೈಮುಗಿದ. "ಇದನ್ನೇ ಹಾಕಿಕೊಡಿ. ಈಗಲೇ. ನಾಳೆ ಅಂದ್ರೆ ಆಗಲ್ಲ."

ಪೆಟ್ಟಿಗೆ ಕಾರಿನ ಮೇಲೆ ಕೂತಿತು. ಗಂಡ ಕಾರನ್ನು ರಸ್ತೆಯಾಚೆಯ ಮರದಡಿಗೆ ತಂದು, ಹಿಂದೆ ಮುಂದೆ ಮಾಡಿ, ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದ. ಹೆಂಡತಿ ಪಕ್ಕದಲ್ಲೇ ಪುಟ್ಟ ಗ್ಯಾಸ್ ಸ್ಟೌ ಹಚ್ಚಿ ಹಾಲಿಟ್ಟಳು.

"ಅಮ್ಮಾ, ಹಾಲು ಉಕ್ತಿದೆ! ಸ್ಟೌ ಆರಿಸು!" ಮಗಳು ಕೂಗಿದಳು.

"ಉಕ್ಕಲಿ ಬಿಡು."

ಹಾಲು ಪಾತ್ರೆಯ ಸುತ್ತ ಸುರಿದು ಮಣ್ಣಿಗೆ ಇಳಿಯಿತು. ತಾಯಿ ಕಾರಿನ ಹಿಂಬಾಗಿಲು ತೆರೆದಳು.

"ಬಲಗಾಲಿಟ್ಟು ಒಳಗೆ ಹೋಗು, ಪುಟ್ಟಿ."